ದಾನದ ಪ್ರಿಂಟರ್ ಮತ್ತು ಕೊನೆಯ ಕಾಲಂ

ನಮ್ಮ ಸಮಾಜದ ವಧೂವರರ ಕೇಂದ್ರ ಜಯನಗರದಲ್ಲಿ ಒಂದು ಮನೆಯ ಮಹಡಿಯ ಮೇಲಿತ್ತು. ಅಲ್ಲಿನ ಪ್ರತಿ ವಸ್ತುವಿನ ಮೇಲೂ ಅದನ್ನು ಕೊಟ್ಟವರ ಹೆಸರಿತ್ತು. ಫ್ಯಾನಿನ ರೆಕ್ಕೆಗಳ ಮೇಲೆ ಇಂಥವರ ಸ್ಮರಣಾರ್ಥ ಎಂದು ಬರೆಸಿದ್ದರು. ಕರೆಂಟು ಹೋದಾಗ ಮಾತ್ರ ಆ ಪುಣ್ಯಾತ್ಮರನ್ನು ಸ್ಮರಿಸಲು ಸಾಧ್ಯವಿತ್ತು. ಲೇಸರ್ ಪ್ರಿಂಟರಿನ ಮೇಲೆ ಕೆಂಪು ಪೇಂಟಿನಲ್ಲಿ ಇದ್ದದ್ದು ಕೇಂದ್ರದ ಅಧ್ಯಕ್ಷರದೇ ಹೆಸರು. ತೊಂಬತ್ತರ ದಶಕದಲ್ಲಿ ಅವರ ಕಚೇರಿ ಹರಾಜು ಹಾಕಿದ ಯಂತ್ರ ಅದು. ಕೊಂಡು ತಂದು ದಾನ ಮಾಡಿದ್ದರು. ಎತ್ತಲು ಇಬ್ಬರು ಬೇಕಿತ್ತು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ಕೇಂದ್ರದ ಹಳೆಯ ಕಂಪ್ಯೂಟರ್ ಕೆಟ್ಟು ಕೂತಿತು. ಖಜಾಂಚಿಗಳು ಹೊಸದೊಂದನ್ನು ದಾನ ಮಾಡಿ, ಅದರ ಮೇಲೆ ತಮ್ಮ ಹೆಸರು ಬರೆಸಿದರು. ಅದರಲ್ಲಿ ಆಗಷ್ಟೇ ಬಂದಿದ್ದ ಆಪರೇಟಿಂಗ್ ಸಿಸ್ಟಂ ಇತ್ತು. ಅದು ಅಧ್ಯಕ್ಷರ ಪ್ರಿಂಟರನ್ನು ಗುರುತಿಸಲಿಲ್ಲ. ಅಧ್ಯಕ್ಷರೂ ಖಜಾಂಚಿಗಳೂ ಮಾತು ಬಿಟ್ಟು ಎರಡು ವರ್ಷವಾಗಿತ್ತಾದ್ದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ. ಹೊಸ ಪ್ರಿಂಟರ್ ಕೊಂಡರೆ ಅಧ್ಯಕ್ಷರಿಗೆ ಅವಮಾನ. ಹಳೆಯ ಕಂಪ್ಯೂಟರ್ ರಿಪೇರಿ ಮಾಡಿಸಿದರೆ ಖಜಾಂಚಿಗಳಿಗೆ ಅವಮಾನ. ಜೆ.ಪಿ. ನಗರದ ಕಲ್ಯಾಣ ಮಂಟಪದಲ್ಲಿ ವಧೂವರರ ಸಮಾವೇಶಕ್ಕೆ ಐದು ದಿನ ಉಳಿದಿತ್ತು. ಅಷ್ಟರಲ್ಲಿ ಪಟ್ಟಿ ಅಚ್ಚಾಗಬೇಕಿತ್ತು.

ಅಪ್ಪ ಕೇಂದ್ರದ ಜಂಟಿ ಕಾರ್ಯದರ್ಶಿ. “ನಮ್ಮ ಹುಡುಗಿ ಎಂ.ಎಸ್ಸಿ. ಮಾಡಿದಾಳೆ, ನೋಡ್ತಾಳೆ ಬಿಡಿ” ಎಂದು ಮಾತು ಕೊಟ್ಟು ಬಂದರು. ನಾನು ಓದಿದ್ದು, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದದ್ದು ಸಂಖ್ಯಾಶಾಸ್ತ್ರ. ಸಮಿತಿಯ ದೃಷ್ಟಿಯಲ್ಲಿ ಬಿ.ಎ. ದಾಟಿದ ಎಲ್ಲ ಓದೂ ಕಂಪ್ಯೂಟರೇ.

ಆ ಪಟ್ಟಿಯಲ್ಲಿ ನಾನೂ ಇದ್ದೆ. ವಧುಗಳ ಪುಟದಲ್ಲಿ ನಲವತ್ತೊಂದನೆಯವಳು. ಅದು ನಾಲ್ಕನೆಯ ವರ್ಷ. ನನ್ನ ಹೆಸರು ತೆಗೆದುಬಿಡು ಎಂದು ಅಪ್ಪನಿಗೆ ಎಷ್ಟು ಸಲ ಹೇಳಿದರೂ “ಇದೊಂದು ವರ್ಷ ಕಣೆ” ಎನ್ನುತ್ತಿದ್ದರು. ನನಗೆ ಬೇಕಾಗಿದ್ದದ್ದು ಅಷ್ಟೆ, ಆ ಪಟ್ಟಿಯಿಂದ ಹೊರಬರುವುದು. ನನಗೆ ವಹಿಸಿದ ಕೆಲಸ, ನನ್ನ ಹೆಸರನ್ನು ಊರಿಗೆಲ್ಲ ಹಂಚುವ ಯಂತ್ರಕ್ಕೆ ಜೀವ ಬರಿಸುವುದು.

ಇದನ್ನು ನಾನು ಎರಡು ಬಗೆಯಲ್ಲಿ ಹೇಳುತ್ತ ಬಂದಿದ್ದೇನೆ. ಗೆಳತಿಯರ ಮುಂದೆ ಹೇಳುವಾಗ ನಾನು ಬೇಕೆಂದೇ ಪಟ್ಟಿ ಕೆಡಿಸಿದ ವೀರವನಿತೆ. ನೆಂಟರ ಮುಂದೆ, ಹಗಲಿರುಳು ಒದ್ದಾಡಿ ಯಂತ್ರ ಸರಿಪಡಿಸಿದ ಬುದ್ಧಿವಂತೆ. ಈಗ ಬರೆಯಲು ಕೂತು ಆ ವರ್ಷದ ಡೈರಿ ತೆಗೆದರೆ ಅಷ್ಟೂ ದಿನಗಳಿಗೆ ಸೇರಿ ಒಂಬತ್ತು ಸಾಲು. ಅದರಲ್ಲಿ ಎರಡು ಸಾಲು ತಲೆನೋವಿನ ಬಗ್ಗೆ.

ಪ್ರಿಂಟರಿನ ಕೇಬಲ್ಲು ಹೆಬ್ಬೆರಳಿನಷ್ಟು ದಪ್ಪ. ಅದನ್ನು ಚುಚ್ಚಲು ಹೊಸ ಕಂಪ್ಯೂಟರಿನಲ್ಲಿ ಜಾಗವೇ ಇರಲಿಲ್ಲ. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ, ಒಂದು ತುದಿ ಹಳೆಯ ಕಾಲಕ್ಕೂ ಇನ್ನೊಂದು ತುದಿ ಹೊಸ ಕಾಲಕ್ಕೂ ಹೊಂದುವ ಕೇಬಲ್ ತಂದೆ. ಪ್ರಿಂಟರಿನ ಜೊತೆ ಬಂದಿದ್ದ, ಅದನ್ನು ನಡೆಸುವ ತಂತ್ರಾಂಶದ, ಅಂದರೆ ಡ್ರೈವರಿನ ಸಿ.ಡಿ. ಹಾಕಿದರೆ, ಇದು ನಮ್ಮ ಕಾಲದ್ದಲ್ಲ ಎಂದು ಕಂಪ್ಯೂಟರ್ ತಿರಸ್ಕರಿಸಿತು. ಸೈಬರ್ ಸೆಂಟರಿನಲ್ಲಿ ಕೂತು ತಯಾರಕರ ತಾಣ ನೋಡಿದೆ. ಈ ಮಾದರಿಗೆ ಹೊಸ ಡ್ರೈವರ್ ಇಲ್ಲವೆಂದು ವಿನಯದಿಂದ ತಿಳಿಸಿದ್ದರು. ಅಲ್ಲೇ ಪಟ್ಟಿಯನ್ನೂ ಪ್ರಿಂಟ್ ಹಾಕಿಸೋಣವೇ ಎಂದು ಅಧ್ಯಕ್ಷರನ್ನು ಕೇಳಿದೆ. “ಹೆಣ್ಮಕ್ಳ ಡೀಟೇಲ್ಸು ಹೊರಗೆ ಹೋಗ್ಬಾರ್ದಮ್ಮ” ಎಂದರು. ಅದೇ ಡೀಟೇಲ್ಸಿನ ಜೆರಾಕ್ಸನ್ನು ಭಾನುವಾರ ಇಡೀ ಮಂಟಪಕ್ಕೆ ಹಂಚುವುದು ಒಳಗಿನ ವಿಷಯ.

ಬೇರೆ ಯಾವುದೋ ಪ್ರಿಂಟರಿನ ಡ್ರೈವರ್ ಹಾಕಿದಾಗ ಪ್ರಿಂಟರ್ ಕೊನೆಗೂ ಗುಡುಗಿತು. ಪುಟಕ್ಕೊಂದು ಸಾಲು ವಿಚಿತ್ರ ಚಿಹ್ನೆಗಳು. ಟ್ರೇಯಲ್ಲಿದ್ದ ಕಾಗದ ಮುಗಿಯುವವರೆಗೂ ನಿಲ್ಲಲಿಲ್ಲ. ಅಧ್ಯಕ್ಷರು ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದರು.

“ಏನಮ್ಮ ಇದು, ತಾಳೆಗರಿ ಥರ ಇದೆ?”

“ಇಬ್ಬರ ಭಾಷೆ ಬೇರೆ ಬೇರೆ ಅಂಕಲ್. ಅರ್ಥ ಆಗ್ತಿಲ್ಲ.”

“ಮಿಷಿನ್ ನಂದು ಕಲ್ಲಿದ್ದಂಗಿದೆ. ದೋಷ ಏನಿದ್ರೂ ಆ ಡಬ್ಬಾದು” ಎಂದು ಖಜಾಂಚಿಗಳ ಹೆಸರಿನ ಕಡೆ ಗದ್ದ ಎತ್ತಿ ತೋರಿಸಿದರು.

ದಾರಿ ತೋರಿಸಿದವರು ಇಂಟರ್ನೆಟ್ಟಿನಲ್ಲಿ ಎಲ್ಲೋ ಬರೆದುಕೊಂಡಿದ್ದ ಯಾರೋ ಅಪರಿಚಿತರು. ಪ್ರಿಂಟರಿನ ನಿಜವಾದ ಹೆಸರು ಹೇಳಬೇಡಿ, ಕಂಪ್ಯೂಟರಿಗೆ ಮೊದಲೇ ಗೊತ್ತಿರುವ ಅದೇ ಮನೆತನದ ಇನ್ನೊಂದು ಮಾದರಿಯ ಹೆಸರು ಹೇಳಿ, ನಂಬುತ್ತದೆ ಎಂದಿದ್ದರು. ಹೇಳಿದೆ, ನಂಬಿತು. ಸುಳ್ಳು ಹೇಳಿ ಸಂಬಂಧ ಕುದುರಿಸುವುದು ಆ ಮಹಡಿಗೆ ಹೊಸದೇನೂ ಆಗಿರಲಿಲ್ಲ.

ಶನಿವಾರ ಪಟ್ಟಿಯ ಮೂಲಪ್ರತಿ ಬಂತು. ಅಪ್ಪ ಅದನ್ನು ಜೆರಾಕ್ಸಿಗೆ ಕೊಂಡೊಯ್ದರು. ಡೈರಿಯಲ್ಲಿ ಇರುವುದು ಇಷ್ಟು: “ಪ್ರಿಂಟರ್ ಸರಿಯಾಯಿತು. ಅಪ್ಪ ಕಾಫಿ ಕೊಡಿಸಿದರು.” ಸರಿಯಾಗಿರಲಿಲ್ಲ. ಆ ಇನ್ನೊಂದು ಮಾದರಿ ನಮ್ಮದಕ್ಕಿಂತ ಗಿಡ್ಡಗಿರುವ ಅಮೆರಿಕದ ಅಳತೆಯ ಕಾಗದವನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತು. ಅಡ್ಡಡ್ಡ ಅಚ್ಚು ಹಾಕಿದ್ದರಿಂದ ಬಲಗಡೆ ಹೆಬ್ಬೆರಳಗಲ ಕತ್ತರಿಸಿಹೋಗಿ, ಕೊನೆಯ ಕಾಲಂ ಮಾಯವಾಗಿತ್ತು. ಕಾರಣ ನನಗೆ ತಿಳಿದದ್ದು ಆಮೇಲೆ. ಆದರೆ ಕಾಲಂ ಹೋದದ್ದು ಶನಿವಾರವೇ ಕಣ್ಣಿಗೆ ಬಿದ್ದಿತ್ತೇ? ದಿನವಿಡೀ ಕೋಷ್ಟಕ ನೋಡಿ ಬದುಕುವವಳು ಅದನ್ನು ಗಮನಿಸಲಿಲ್ಲ ಎಂದರೆ ನಾನೇ ನಂಬುವುದಿಲ್ಲ. ನೋಡಿಯೂ ಸುಮ್ಮನಿದ್ದೆ ಎನ್ನಲು ಬೇಕಾದ ಧೈರ್ಯವೂ ಆಗ ನನ್ನಲ್ಲಿ ಇದ್ದಂತಿಲ್ಲ.

ಭಾನುವಾರ ಮಂಟಪದಲ್ಲಿ ಪಟ್ಟಿ ಹಂಚಿದ ಐದೇ ನಿಮಿಷಕ್ಕೆ ಗದ್ದಲ ಎದ್ದಿತು. ವರರ ಪುಟದಲ್ಲಿ ಕೊನೆಯ ಕಾಲಂ ಸಂಬಳದ್ದು.

“ರೀ, ಇದ್ರಲ್ಲಿ ಸಂಬಳಾನೇ ಇಲ್ವಲ್ರೀ!”

“ಗೋತ್ರ, ನಕ್ಷತ್ರ ಎಲ್ಲಾ ಇದೆಯಲ್ಲ ಸಾರ್.”

“ನಕ್ಷತ್ರ ಇಟ್ಕೊಂಡು ಲೋನ್ ಕಟ್ಟಕ್ಕಾಗತ್ತೇನ್ರೀ?”

ಸಂಬಳವಿಲ್ಲದೆ ಒಬ್ಬ ವರನಿಗೂ ಇನ್ನೊಬ್ಬನಿಗೂ ವ್ಯತ್ಯಾಸವೇ ತಿಳಿಯದೆ ಹೆಣ್ಣು ಹೆತ್ತವರು ಕಂಗಾಲಾದರು. ವಧುಗಳ ಪುಟದಲ್ಲಿ ಹೋದದ್ದು ಮೈಬಣ್ಣ. ವಧುಗಳು ಟ್ಯೂಬ್‌ಲೈಟಿನ ಕೆಳಗೆ ಮೊದಲೆರಡು ಸಾಲುಗಳಲ್ಲೇ ಕೂತಿದ್ದರು. ಕತ್ತು ತಿರುಗಿಸಿದರೆ ಕಾಣುವ ಬಣ್ಣವನ್ನು ಎಲ್ಲರೂ ಕಾಗದದಲ್ಲಿ ಹುಡುಕುತ್ತಿದ್ದರು.

“ಎಂ.ಎಸ್ಸಿ. ಓದಿದೀಯ, ಒಂದು ಕಾಲಂ ನುಂಗ್ಬಿಟ್ಯಲ್ಲಮ್ಮ” ಎಂದರು ಅಧ್ಯಕ್ಷರು.

“ನುಂಗಿದ್ದು ನಾನಲ್ಲ ಅಂಕಲ್, ನಿಮ್ಮ ಪ್ರಿಂಟರು.”

ಖಜಾಂಚಿಗಳು ಸೂರು ನೋಡಿಕೊಂಡು ಹೇಳಿದರು: “ಕಂಪ್ಯೂಟರಲ್ಲಿ ಎಲ್ಲಾ ಕಾಲಮ್ಮೂ ಇದೆಯಪ್ಪ.”

ಸಮಿತಿ ತುರ್ತಾಗಿ ಸೇರಿ ತೀರ್ಮಾನಿಸಿತು. ವರನ ಸಂಬಳವನ್ನು ಅವನ ತಂದೆ ಮೈಕಿನಲ್ಲಿ ಹೇಳುವುದು. ವಧುವಿನ ಬಣ್ಣವನ್ನು ಒಂದು ಪ್ರತಿಯ ಮೇಲೆ ಪೆನ್ನಿನಲ್ಲಿ ಬರೆದು ಕಂಬಕ್ಕೆ ಅಂಟಿಸುವುದು, ಬೇಕಾದವರು ನಕಲು ಮಾಡಿಕೊಳ್ಳುವುದು. ಬಣ್ಣವನ್ನು ಮೈಕಿನಲ್ಲಿ ಕೂಗಬಾರದು ಎನ್ನುವಷ್ಟು ನಾಗರಿಕತೆ ನಮ್ಮಲ್ಲಿತ್ತು. ಮೊದಲು ಮೈಕು ಹಿಡಿದ ತಂದೆಯರಲ್ಲಿ ಇಬ್ಬರು, ಉಳಿದವರ ಅಂಕಿ ಕೇಳಿದ ಮೇಲೆ ಮತ್ತೆ ಬಂದು ತಮ್ಮದನ್ನು ಏರಿಸಿದರು.

ಬರೆಯುವ ಕೆಲಸ ನನಗೇ ಬಂತು. ಅಪ್ಪ ಎದುರಿಗೆ ಕೂತು ಅರ್ಜಿಗಳ ಕಟ್ಟು ಬಿಚ್ಚಿ ಹೇಳತೊಡಗಿದರು. “ಒಂದು, ಫೇರ್. ಎರಡು, ಫೇರ್. ಮೂರು, ವೆರಿ ಫೇರ್. ನಾಲ್ಕು, ವೀಟಿಶ್.” ಬರೆಯುತ್ತ ಹೋದೆ. ನಮ್ಮ ಸಮಾಜದಲ್ಲಿ ಕಪ್ಪಗಿರುವವರೆಲ್ಲ ಗಂಡಾಗಿಯೇ ಹುಟ್ಟಿರಬೇಕು. ನಲವತ್ತರವರೆಗೆ ಬಂದೆವು. ಅಪ್ಪ ಹೇಳುವುದನ್ನು ಅಲ್ಲಿಗೆ ನಿಲ್ಲಿಸಿದರು.

ನಾನು ಅಪ್ಪನ ಬಣ್ಣ. ಅಪ್ಪನದು ಡಿಕಾಕ್ಷನ್ ಬಣ್ಣ ಎಂದು ಅಮ್ಮನೇ ಹೇಳುತ್ತಿದ್ದಳು. ಅವರ ಕೈಲಿದ್ದ ಅರ್ಜಿಯ ಮೇಲೆ ಅವರದೇ ದುಂಡು ಅಕ್ಷರವಿತ್ತು. ಎದುರಿಗೆ ಕೂತಿದ್ದ ನನಗೆ ಅದನ್ನು ತಲೆಕೆಳಗಾಗಿಯೂ ಓದಲು ಬಂತು: ಫೇರ್.

“ಹೇಳಪ್ಪ, ಬರ್ಕೋತೀನಿ.”

“ನಲವತ್ತೆರಡು, ಫೇರ್” ಎಂದರು.

“ನಲವತ್ತೊಂದು?”

ನಾಲ್ಕು ವರ್ಷ ಅಚ್ಚು ಹಾಕಿಸಿದ್ದನ್ನು ನನ್ನ ಮುಖ ನೋಡಿಕೊಂಡು ಹೇಳಲು ಅವರಿಂದ ಆಗಲಿಲ್ಲ. ಆಮೇಲೆ “ಗೀಟು ಹಾಕು” ಎಂದು ಅವರೇ ಹೇಳಿದರೋ, “ಗೀಟು ಹಾಕ್ಲಾ?” ಎಂದು ನಾನು ಕೇಳಿದ್ದಕ್ಕೆ ತಲೆಯಾಡಿಸಿದರೋ ಗೊತ್ತಿಲ್ಲ. ನನ್ನ ನೆನಪನ್ನು ನಾನು ಎಲ್ಲಕ್ಕಿಂತ ಕಡಿಮೆ ನಂಬುವುದು ಈ ಜಾಗದಲ್ಲಿ. ಡೈರಿಯಲ್ಲಿ “೪೧ಕ್ಕೆ ಗೀಟು” ಎಂದಿದೆ. ಯಾರು ಹೇಳಿದ್ದು ಎಂದು ಬರೆದಿಲ್ಲ.

ಕಂಬಕ್ಕೆ ಅಂಟಿಸಿದ ಕೂಡಲೇ ಜನ ಮುತ್ತಿಕೊಂಡರು. ಒಬ್ಬ ಹಿರಿಯರು ಕನ್ನಡಕ ಹಣೆಗೇರಿಸಿ ಕೇಳಿದರು: “ನಲವತ್ತೊಂದಕ್ಕೆ ಗೀಟ್ ಹಾಕಿದೀರಲ್ಲ ಸಾರ್, ಸೆಟ್ಲಾಯ್ತಾ?”

“ಇಲ್ಲ ಸಾರ್. ಅದು ನಮ್ಮ ಹುಡುಗೀದು. ಅವಳಿಗೆ ಬೇಡ್ವಂತೆ” ಎಂದರು ಅಪ್ಪ.

ಹಿರಿಯರು ಅಪ್ಪನನ್ನೂ, ಟೇಪು ಹಿಡಿದು ನಿಂತಿದ್ದ ನನ್ನನ್ನೂ ನೋಡಿದರು. ತಮ್ಮ ಪ್ರತಿಯಲ್ಲೂ ಒಂದು ಗೀಟು ಎಳೆದುಕೊಂಡು ಕೆಳಗಿನ ಸಾಲಿಗೆ ಬೆರಳಿಟ್ಟರು.

“ನಲವತ್ತೆರಡು ಫೇರಾ, ವೀಟಿಶ್ಶಾ ಸಾರ್? ನಿಮ್ಮ ಮಗಳ ಅಕ್ಷರ ಒಂದೂ ಗೊತ್ತಾಗಲ್ಲ.”