ಜಾಲಿ ಮರದ ಬುಡದ ನೀರು

ಚಿಕ್ಕಪ್ಪ ಕೆರೆಯಂಗಳದಲ್ಲಿ ತೆಂಗಿನ ಸಸಿ ನೆಟ್ಟದ್ದು ಮಳೆ ಕೈಕೊಟ್ಟ ವರ್ಷ. ಮರುವರ್ಷ ಹಿಂಗಾರು ಜೋರಾಗಿ ಹಿಡಿದು ನೊಣವಿನಕೆರೆ ಕಡೆಯ ನಮ್ಮೂರ ಕೆರೆ ತುಂಬಿತು. ಸಸಿಗಳು ಸುಳಿಯವರೆಗೆ ಮುಳುಗಿದವು. ಅದೇ ನೀರಿನ ನಡುವೆ ನಿಂತಿದ್ದ ಜಾಲಿ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿದ್ದವು. ಎಪ್ಪತ್ತರ ದಶಕದ ಕೊನೆಯ ಸಂಕ್ರಾಂತಿ ಅದು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ನಾನು ಎರವಲು ದುರ್ಬೀನು, ಒಂದು ನೋಟುಬುಕ್ಕು ಹಿಡಿದು ರಜೆಗೆ ಬಂದಿದ್ದೆ.

ಗದ್ದೆಗಳಿಗೆ ಕೆರೆಯ ನೀರು ಬಿಡುವ ಹೊಣೆ ಹೊತ್ತಿದ್ದ ನೀರುಗಂಟಿಯದೊಂದು ಕಟ್ಟಳೆಯಿತ್ತು: ಜಾಲಿಯ ಮೇಲೆ ಮರಿಗಳಿರುವ ತನಕ ತೂಬು ಎತ್ತಬಾರದು. ಅವನ ಅಪ್ಪನೂ ಎತ್ತಿರಲಿಲ್ಲವಂತೆ. ಯಾಕೆಂದು ಕೇಳಿದರೆ ಇಬ್ಬರ ಬಳಿಯೂ ಉತ್ತರವಿರಲಿಲ್ಲ ಎಂದು ನಾನು ಆಗ ಅಂದುಕೊಂಡಿದ್ದೆ. ಕೇಳಿದ್ದೆನೋ ಇಲ್ಲವೋ, ಅದೂ ಈಗ ಖಚಿತವಿಲ್ಲ.

ಒಂದು ಬೆಳಿಗ್ಗೆ ಕೆರೆ ಏರಿಯ ಮೇಲೆ ಚಿಕ್ಕಪ್ಪ ಅವನನ್ನು ತಡೆದು ನಿಲ್ಲಿಸಿದರು. ನಾನೂ ಅಲ್ಲಿದ್ದೆ.

"ಇನ್ನೆಂಟು ದಿನ ಹಿಂಗೇ ನಿಂತ್ರೆ ಸಸಿ ಎಲ್ಲಾ ಕೊಳೀತವೆ ಕಣ್ಲಾ. ತೂಬು ಎತ್ತು."

"ಮರಿ ಅವೆ ಬುದ್ಧಿ. ಹಾರ್ಲಿ ಬುಡಿ, ಎತ್ತೀನಿ."

"ಕೆರೇನ ಹಕ್ಕಿಗೆ ಬರ್ಕೊಟ್ಟಿದ್ದಾನೇನ್ಲಾ ನಿಮ್ಮಪ್ಪ?"

"ಕೆರೆ ಒಳಗೆ ತೋಟ ಮಾಡ್ರಿ ಅಂತ್ಲೂ ಬರ್ಕೊಟ್ಟಿಲ್ಲ ಬುದ್ಧಿ," ಎಂದು ನೀರುಗಂಟಿ ನಕ್ಕ.

ಚಿಕ್ಕಪ್ಪ ನಗಲಿಲ್ಲ. ನನ್ನ ಕಡೆ ತಿರುಗಿದರು. "ನೀನೇ ಹೇಳ್ಲಾ, ಓದಿದೋನು. ಗೂಡಿರೋದು ಮರದ ಮೇಲೆ ತಾನೇ? ಕೆಳಗೆ ನೀರಿದ್ರೇನು, ಹೋದ್ರೇನು?"

"ಗೂಡಿಗೂ ನೀರಿಗೂ ಏನೂ ಸಂಬಂಧ ಇಲ್ಲ. ಅದೆಲ್ಲ ಸುಮ್ಮನೆ ನಂಬಿಕೆ," ಅಂದೆ. ಹಾಗೆ ಅಂದದ್ದಾಗಿ ನನ್ನ ನೆನಪು. ನನಗೂ ನೀರು ಇಳಿಯಬೇಕಿತ್ತು. ದಡದಲ್ಲಿ ಕೆಸರು ತೆರೆದುಕೊಂಡರೆ ಚಳಿಗಾಲಕ್ಕೆ ಬರುವ ಗೊರವ ಹಕ್ಕಿಗಳು ಅಲ್ಲಿ ಇಳಿಯುತ್ತವೆಂದು ಪುಸ್ತಕದಲ್ಲಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ನೀರುಗಂಟಿ ನನ್ನ ಮುಖ ನೋಡಿದ. ಹೆಗಲ ಟವೆಲ್ಲನ್ನು ಕಲ್ಲಿನ ಮೇಲಿಟ್ಟು ತೂಬಿನ ಕಡೆ ನೀರಿಗಿಳಿದ.

ಐದಾರು ದಿನಕ್ಕೆ ಜಾಲಿಯ ಬುಡ ಬತ್ತಿತು. ಹಾರಲು ಬಾರದ ಮರಿಗಳು ಗೂಡಿನಿಂದ ಕೊಂಬೆಗೆ ಹತ್ತಿ ಆಡುತ್ತವೆ, ಜಾರಿ ಬೀಳುತ್ತವೆ. ಕೆಳಗೆ ನೀರಿದ್ದಾಗ ಎಷ್ಟೋ ಮರಿಗಳು ರೆಕ್ಕೆ ಬಡಿಯುತ್ತಾ ಬೊಡ್ಡೆ ಹಿಡಿದು ಮತ್ತೆ ಹತ್ತುತ್ತಿದ್ದವು. ಈಗ ಕೆಳಗೆ ಊರ ನಾಯಿಗಳು ಕಾದಿದ್ದವು. ಬುಡ ಬತ್ತಿದ ಎರಡನೆಯ ದಿನ ದೋಟಿ ಹಿಡಿದು ಜನರೂ ಬಂದು ಗೂಡುಗಳನ್ನೇ ಎಳೆದು ಕೆಡವಿದರು. ಆ ನೀರು ಬೇಲಿಯಾಗಿತ್ತು. ಪ್ರಾಣಿಶಾಸ್ತ್ರ ಓದಿದವನಿಗೆ ಅಷ್ಟು ಹೊಳೆಯಲಿಲ್ಲ. ಸಂಜೆ ದೊಡ್ಡ ಹಕ್ಕಿಗಳು ಮರಗಳ ಮೇಲೆ ಸುತ್ತು ಹಾಕಿದವು, ಇಳಿಯಲಿಲ್ಲ. ಮುಂದಿನ ವರ್ಷಗಳಲ್ಲೂ ಬರಲಿಲ್ಲ. ಜಾಲಿ ಸೌದೆಯಾಯಿತು. ಚಿಕ್ಕಪ್ಪನ ಸಸಿಗಳು ಬದುಕಿದವು.

ನಾಯಿಗಳಿಗೆ ಕಲ್ಲು ಬೀಸಿದ್ದು ನನಗೆ ಚೆನ್ನಾಗಿ ನೆನಪಿದೆ. ರಟ್ಟೆ ನೋಯುವಷ್ಟು ಬೀಸಿದ್ದೆ. ಕಾಲು ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತಿತ್ತು. ಬಹಳ ವರ್ಷ ಈ ನೆನಪೇ ನನ್ನನ್ನು ಕಾಪಾಡಿತು. ಆದರೆ ನೋಟುಬುಕ್ಕಿನಲ್ಲಿ ಆ ದಿನದ ಪುಟದಲ್ಲಿ ನನ್ನದೇ ಅಕ್ಷರ ಹೀಗಿದೆ: "ಕೆಸರು ಚೆನ್ನಾಗಿ ತೆರೆದುಕೊಂಡಿದೆ. ಗೊರವ ಹದಿನೇಳು. ಒಂದರ ಗುರುತು ಹತ್ತಲಿಲ್ಲ." ನಾಯಿಯ ಮಾತೇ ಇಲ್ಲ. ಹಿಂದಿನ ಪುಟದಲ್ಲೂ ಇಲ್ಲ, ಮುಂದಿನದರಲ್ಲೂ ಇಲ್ಲ.

ಎಂಬತ್ತರ ದಶಕದ ನಡುವೆ, ಆ ಸಸಿಗಳು ಫಲಕ್ಕೆ ಬಂದಿದ್ದಾಗ, ನೀರುಗಂಟಿಯನ್ನು ಹುಡುಕಿಕೊಂಡು ಹೋದೆ. ಅವನ ಕಣ್ಣು ಮಂಜಾಗಿತ್ತು, ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

"ಅವತ್ತು ಏರಿ ಮೇಲೆ ನಾನೇನಂದೆ, ನೆನಪಿದೆಯಾ?"

"ನೀವೇನಂದ್ರೋ ಕಾಣೆ ಕಣ್ರಪ್ಪ. ತೂಬು ಎತ್ತಿದ್ ಕೈ ನಂದಲ್ವಾ?"

ಅಷ್ಟಕ್ಕೆ ಎದ್ದು ಬರಬಹುದಿತ್ತು. "ನಾಯಿಗಳಿಗೆ ಕಲ್ಲು ಹೊಡೆದಿದ್ದೆ, ಅಲ್ವಾ?" ಎಂದೆ.

ಹೊಸೆಯುತ್ತಿದ್ದ ಕೈ ನಿಂತಿತು.

"ಅದು ನಾನು ಕಣ್ರಪ್ಪ. ನೀವು ಆ ಕಡೆ ದಡದಾಗೆ ದುರ್ಬೀನ್ ಹಿಡ್ಕಂಡು ನಿಂತಿದ್ರಿ. ಬನ್ರಪ್ಪೋ ಅಂತ ಕೂಗ್ದೆ. ನೀವು ತಿರುಗ್ದೇನೇ ಕೈಯೆತ್ತಿ ಸುಮ್ಕಿರು ಅಂದ್ರಿ, ಹಕ್ಕಿ ಎದ್ದೋಯ್ತವೆ ಅಂತ."