ಮಾವನ ಸ್ಟಿಕ್ಕರ್ ಮಷೀನು

ಬೋರ್ಡು ಬರೆಯುತ್ತಲೇ ತಲೆ ನರೆಸಿಕೊಂಡ ನಮ್ಮ ಸೋದರಮಾವ ಈಚೆಗೆ ಕುಂಚ ಬದಿಗಿಟ್ಟು, ಸ್ಟಿಕ್ಕರ್ ಅಕ್ಷರ ಕತ್ತರಿಸುವ ಮಷೀನು ತಂದುಕೊಂಡು ಕಕ್ಕಾಬಿಕ್ಕಿಯಾಗಿದ್ದಾರೆ. ಅದರ ಬ್ಲೇಡು ಒಮ್ಮೆ ಹಾಳೆಗೆ ತಾಗುವುದೇ ಇಲ್ಲ, ಇನ್ನೊಮ್ಮೆ ಅಡಿಯ ಕಾಗದವನ್ನೂ ಸೀಳಿಬಿಡುತ್ತದೆ. ಗಾಜಿನ ಒಳಗಡೆ ಅಂಟಿಸುವ ಅಕ್ಷರವನ್ನು ಉಲ್ಟಾ ಕತ್ತರಿಸಬೇಕೋ ಬೇಡವೋ ಎಂದು ಬಾಗಿಲಿನ ಒಳಗೂ ಹೊರಗೂ ಓಡಾಡಿ, ಕೊನೆಗೆ ತಾವು ಯಾವ ಕಡೆ ನಿಂತಿದ್ದೇವೆಂಬುದನ್ನೇ ಮರೆಯುತ್ತಾರೆ. “ಒಳಗೆ ಬನ್ನಿ, ಊಟ ಆರಿಹೋಗ್ತಿದೆ,” ಎಂದು ಅತ್ತೆ ಕರೆದರೆ, “ನಾನೀಗ ಒಳಗಿಲ್ವಾ?” ಎನ್ನುತ್ತಾರೆ. ಮೊನ್ನೆ ನಮ್ಮ ಬೀದಿಯ ಡಾಕ್ಟರಮ್ಮ, ತೀರಿಕೊಂಡ ಗಂಡನ ಹೆಸರನ್ನು ಕ್ಲಿನಿಕ್ಕಿನ ಗಾಜಿನ ಬಾಗಿಲಿನಿಂದ ತೆಗೆಸಲು ಕರೆದರು. ಮಾವ ಅಂಟು ಸಡಿಲವಾಗಲೆಂದು ಬಿಸಿಗಾಳಿ ಊದಿ, ಒಂದೊಂದೇ ಅಕ್ಷರವನ್ನು ಹರಿಯದಂತೆ ಬಿಡಿಸಿ, ಬಿಳಿ ಹಾಳೆಯ ಮೇಲೆ ಸಾಲಾಗಿ ಅಂಟಿಸಿದರು. “ಎಸೀಬೇಕೋ ಏನೋ ಗೊತ್ತಾಗ್ಲಿಲ್ಲಮ್ಮ,” ಎಂದು ಕೊಟ್ಟರು. ಡಾಕ್ಟರಮ್ಮ ಅದನ್ನು ಮಡಿಸದೆ, ಎರಡೂ ಕೈಯಲ್ಲಿ ಹಿಡಿದುಕೊಂಡೇ ಮನೆಗೆ ನಡೆದರು.