ಇಳಿತಕ್ಕೆ ವಾಲಿದ ಬಿಳಿ ದೋಣಿ

ಸೊಂಟಮಟ್ಟದ ನೀರಿಗೆ ಚೂಪು ತಳದ ದೋಣಿ ಆಗಿಬರುವುದಿಲ್ಲ. ಇದು ನಿಮಗೆ ಗೊತ್ತಿರಬೇಕಾದ ಮಾತು. ಕರ್ಕೆನ್ನಾ ದ್ವೀಪದ ಜಿಲಾನಿಗಂತೂ ನಡೆಯಲು ಕಲಿತಾಗಿನಿಂದ ಗೊತ್ತು. ದೋಣಿ ಹಂಚುವುದನ್ನೇ ಕಸುಬು ಮಾಡಿಕೊಂಡು ಆಚೆ ದಡದ ಸ್ಫಾಕ್ಸ್ ಪಟ್ಟಣದಿಂದ ಬಂದ ಸಂಘಕ್ಕೆ ಮಾತ್ರ ಗೊತ್ತಿಲ್ಲ ಎಂದರೆ ಯಾರು ನಂಬಬೇಕು?

ಜಿಲಾನಿ ನಂಬಲಿಲ್ಲ. ಆದರೆ ಅವನಿಗೆ ದೋಣಿ ಬೇಕಾಗಿತ್ತು.

ಅವನದು ಆಕ್ಟೋಪಸ್ ಹಿಡಿಯುವ ಕೆಲಸ. ಅಪ್ಪ ಬಿಟ್ಟುಹೋದ ಚಪ್ಪಟೆ ತಳದ ದೋಣಿಯನ್ನು ಗಳ ಊರಿ ತಳ್ಳುತ್ತ ಹೋಗಿ, ಕಡಲಹುಲ್ಲಿನ ನಡುವೆ ಮಣ್ಣಿನ ಗಡಿಗೆಗಳನ್ನು ಹಗ್ಗಕ್ಕೆ ಕಟ್ಟಿ ಮುಳುಗಿಸಿ ಬರುತ್ತಿದ್ದ. ಒಳ್ಳೆ ಗೂಡು ಸಿಕ್ಕಿತೆಂದು ಆಕ್ಟೋಪಸ್ ಒಳಗೆ ಹೊಕ್ಕು ಕೂರುತ್ತಿತ್ತು. ನಲವತ್ತು ವರ್ಷ ಹೀಗೆ ನಡೆಯಿತು. ಈ ಬೇಸಿಗೆಯಲ್ಲಿ ದೋಣಿಯ ತಳಕ್ಕೆ ಹುಳು ಬಿದ್ದು, ಬೆರಳಿಟ್ಟರೆ ಮರ ರವೆಯ ಹಾಗೆ ಉದುರತೊಡಗಿತು. ಆಕ್ಟೋಪಸ್ ಹಿಡಿಯುವ ಋತು ಶುರುವಾಗಲು ಮೂರೇ ವಾರ ಉಳಿದಿತ್ತು. ಮೊದಲ ವಾರದಲ್ಲಿ ಯಾರ ಗಡಿಗೆ ನೀರಿಗೆ ಇಳಿಯುವುದಿಲ್ಲವೋ ಅವರ ಜಾಗ ಪಕ್ಕದವರ ಪಾಲು. ಅವನ ಬಂದರಿನ ಕಟ್ಟಳೆ ಅದು. ಅಜ್ಜನ ಕಾಲದಿಂದ ಬಂದ ಜಾಗ ಕೈಬಿಟ್ಟರೆ ಜಿಲಾನಿ ಏನೂ ಅಲ್ಲ.

ಅದೇ ಹೊತ್ತಿಗೆ ಸಂಘದ ಹಾತೆಮ್ ಬಂದ. ಕಟ್ಟೆಯ ಬಳಿ ಬಿಳಿ ಫೈಬರ್ ದೋಣಿ ನಿಲ್ಲಿಸಿ, ಕಂಕುಳಲ್ಲಿ ಕಾಗದ ಇಟ್ಟುಕೊಂಡು, "ಪೂರ್ತಿ ಬಿಟ್ಟಿ ಚಿಕ್ಕಪ್ಪ, ಒಂದು ಸಹಿ ಸಾಕು" ಎಂದ.

ಜಿಲಾನಿ ದೋಣಿಯನ್ನು ಎರಡು ಸುತ್ತು ಹಾಕಿದ. ತಳ ಚಾಕುವಿನ ಹಾಗೆ ಚೂಪು. ಮೀನು ಇಡಲು ಒಂದು ಗೂಡಿಲ್ಲ. ಇಂಧನದ ಟ್ಯಾಂಕು ಮಾತ್ರ ಎರಡು, ಒಂದೊಂದೂ ಹಂಡೆಯಷ್ಟು ದೊಡ್ಡವು. ಅವನ ಜಾಗ ಇರುವುದು ಗಳ ಊರಿಕೊಂಡು ಹೋದರೆ ಅರ್ಧ ಗಂಟೆಯ ದೂರದಲ್ಲಿ.

"ಇಷ್ಟೊಂದು ಎಣ್ಣೆ ಕುಡಿಸಿ ಎಲ್ಲಿಗೆ ಹೋಗ್ಲಿ ಸಾಹೇಬ್ರೆ? ಇಟಲಿಗಾ?"

ಹಾತೆಮ್ ನಕ್ಕ. ಸ್ವಲ್ಪ ತಡವಾಗಿ ನಕ್ಕ. ಜಿಲಾನಿ ಅದನ್ನೂ ಗಮನಿಸಿದ.

ಪಕ್ಕದಲ್ಲಿ ಅವನ ದಾಯಾದಿ ಲಝ್ಹರ್ ನಿಂತಿದ್ದ. ಹೋದ ವರ್ಷ ಇಂಥದ್ದೇ ದೋಣಿಗೆ ಸಹಿ ಹಾಕಿದವನು.

"ತಗೊಳ್ಳಣ್ಣ, ಸುಮ್ನೆ ಕೊಡ್ತಾರೆ. ನಿನ್ ಅನುಮಾನಕ್ಕೆ ಮದ್ದಿಲ್ಲ."

"ನಿನ್ ದೋಣಿ ಎಲ್ಲೋ?"

"ರಿಪೇರಿಗೆ ಹೋಗಿದೆ. ಸಂಘದವರೇ ತಗೊಂಡು ಹೋದ್ರು."

"ರಂಜಾನ್ ಹಬ್ಬದಿಂದ ಕಂಡಿಲ್ವಲ್ಲ. ಹೊಸ ದೋಣಿಗೆ ಅಂಥಾ ಯಾವ ಕಾಯಿಲೆನಪ್ಪಾ?"

ಲಝ್ಹರ್ ಕಡಲ ಕಡೆ ತಿರುಗಿಕೊಂಡ.

ಮನೆಯಲ್ಲಿ ಹೆಂಡತಿ ಮುಂಜಿಯಾ ಬೋಗುಣಿ ತುಂಬ ಬಾರ್ಲಿ ಹಿಟ್ಟು ಕಲಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. "ನೀನು ಹಬ್ಬದೂಟದಲ್ಲೂ ಕಲ್ಲು ಹುಡುಕೋನು," ಎಂದಳು ಮೊದಲು. ಆಮೇಲೆ ಹಿಟ್ಟಿನ ಕೈ ಒರೆಸಿಕೊಂಡು, "ಆದ್ರೂ ಗಡಿಗೆ ಬಿಟ್ಟಿ ಸಿಕ್ತು ಅಂತ ಒಳಗೆ ಹೋಗೋದು ಆಕ್ಟೋಪಸ್ಸು ಕಣೋ. ನಿನಗೆ ಎಂಟು ಕಾಲಿಲ್ಲ. ಚಹಾ ಕುಡಿಸದೆ ಸಹಿ ಹಾಕ್ಬೇಡ" ಎಂದಳು.

ಚಹಾ ಅವರ ಬಂದರಿನ ಇನ್ನೊಂದು ಕಟ್ಟಳೆ. ದೋಣಿ ಕೊಡುವವನೂ ಕೊಳ್ಳುವವನೂ ಅದರಲ್ಲಿ ಕೂತು ಮೀನಿನ ಜಾಗಕ್ಕೆ ಹೋಗಬೇಕು. ನೀರು ಇಳಿದು ದೋಣಿ ಮರಳಿಗೆ ತಾಗುವವರೆಗೆ ಕಾಯಬೇಕು. ಅಲ್ಲೇ ಕೆಂಡದ ಮೇಲೆ ಚಹಾ ಕಾಯಿಸಬೇಕು. ಲೋಟ ನೆಟ್ಟಗೆ ನಿಂತರೆ ವ್ಯಾಪಾರ, ಚೆಲ್ಲಿದರೆ ಸಲಾಂ. ಹೋದ ವರ್ಷ ಸಹಿ ಹಾಕಿದ, ಲಝ್ಹರ್ ಸೇರಿ ಹನ್ನೊಂದು ಜನರಲ್ಲಿ ಒಬ್ಬನೂ ಇದನ್ನು ಮಾಡಿರಲಿಲ್ಲ. ಕೊಂಡ ದೋಣಿಗೆ ಪರೀಕ್ಷೆ, ಬಿಟ್ಟಿ ದೋಣಿಗೆ ಯಾಕೆ ಎಂದುಕೊಂಡರು. ಅವರ ತಪ್ಪು ಅದೊಂದೇ.

ಮರುದಿನ ಬೆಳಗ್ಗೆ ಹಾತೆಮ್ ಖುಷಿಯಿಂದಲೇ ಬಂದ. ಚಹಾ ಎಂದರೆ ಹತ್ತು ನಿಮಿಷದ ಮಾತು ಎಂದು ತಿಳಿದಿದ್ದ. ಹೊಳೆಯುವ ಬೂಟು ಬೇರೆ. ಜಿಲಾನಿ ಅವನನ್ನು ಬಿಳಿ ದೋಣಿಯಲ್ಲಿ ಕೂರಿಸಿಕೊಂಡು ತನ್ನ ಜಾಗಕ್ಕೆ ತಂದ. ನೀರು ಇಳಿಯತೊಡಗಿತು. ಒಂದು ಗಂಟೆಯಾಯಿತು, ಎರಡಾಯಿತು. ದೋಣಿಯ ತಳ ಮರಳಿಗೆ ಕಚ್ಚಿಕೊಂಡಿತು. ಸುತ್ತ ಮೀನು ಹಿಡಿಯಲು ನೆಟ್ಟ ಖರ್ಜೂರದ ಗರಿಯ ಬೇಲಿಗಳು ಬುಡದವರೆಗೆ ಬೆತ್ತಲಾದವು.

"ಎಷ್ಟೊತ್ತು ಚಿಕ್ಕಪ್ಪ?"

"ನೀರು ಹೋಗಿ ವಾಪಸ್ ಬರೋವರೆಗೆ."

ದೋಣಿ ನರಳಿ ಎಡಕ್ಕೆ ವಾಲಿತು. ಕೆಂಡದ ಮಡಕೆ ಜಾರಿತು, ಚಹಾ ಪೂರ್ತಿ ಹಾತೆಮನ ಪ್ಯಾಂಟಿನ ಮೇಲಾಯಿತು. ಅವನು ಕೂಗಿಕೊಂಡ. ಬಿಸಿಗೆ ನಾಲಿಗೆಯ ಹಿಡಿತ ತಪ್ಪಿತು:

"ನಿನಗ್ಯಾರು ಇದನ್ನ ಇಲ್ಲಿಗೆ ತರೋಕೆ ಹೇಳಿದ್ರು? ಸಹಿ ಹಾಕಿ ಮನೇಲಿ ಬಿದ್ಕೊ! ದೋಣಿ ನಮ್ ಕಟ್ಟೇಲೇ ಇರುತ್ತೆ, ನಮ್ಮವರೇ ನೋಡ್ಕೋತಾರೆ. ನೀನು ಮುಟ್ಟೋದೇ ಬೇಡ!"

ಜಿಲಾನಿ ಓರೆಯಾದ ಹಲಗೆಯ ಅಂಚು ಹಿಡಿದು ಕೂತೇ ಇದ್ದ.

"ದೋಣಿ ನಿಮ್ದು, ಓಡಿಸೋರೂ ನಿಮ್ಮವರು. ನನ್ ಹೆಸರು ಯಾತಕ್ಕೆ ಸಾಹೇಬ್ರೆ?"

ಹಾತೆಮ್ ಬಗ್ಗಿ ಪ್ಯಾಂಟು ಒರೆಸಿಕೊಳ್ಳತೊಡಗಿದ. ಜಿಲಾನಿಗೆ ಉತ್ತರ ಆಗಲೇ ಗೊತ್ತಾಗಿತ್ತು. ರಾತ್ರೋರಾತ್ರಿ ಜನರನ್ನು ತುಂಬಿಕೊಂಡು ಕದ್ದು ಇಟಲಿಗೆ ಹೊರಟ ದೋಣಿ ಮುಳುಗಿದರೆ, ಹೆಣಗಳು ದಡಕ್ಕೆ ಬಂದರೆ, ಪೊಲೀಸರು ಓದುವುದು ಕಾಗದದ ಮೇಲಿನ ಹೆಸರನ್ನು. ಹಾತೆಮನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ಜಿಲಾನಿ ಪೈಜಾಮ ಮೊಣಕಾಲಿಗೆ ಏರಿಸಿ, ಚಹಾದ ಪಾತ್ರೆ ಎತ್ತಿಕೊಂಡು ಕೆಳಗಿಳಿದ. "ಮಧ್ಯಾಹ್ನದ ಮೇಲೆ ನೀರು ಬರುತ್ತೆ. ಬೂಟು ಜೋಪಾನ," ಎಂದು ಹೇಳಿ ಒದ್ದೆ ಮರಳಿನ ಮೇಲೆ ಮನೆ ಕಡೆ ನಡೆದ. ಹಾತೆಮ್ ಸಹಿಯಿಲ್ಲದ ಕಾಗದ ಹಿಡಿದು ವಾಲಿದ ದೋಣಿಯಲ್ಲೇ ಉಳಿದ.

ಹೊಸ ದೋಣಿಯಂತೂ ಇಲ್ಲ. ಮುಂಜಿಯಾ ಎರಡು ದಿನ ಹಳೆ ದೋಣಿಯ ಹಲಗೆಗಳನ್ನು ತಟ್ಟಿ ನೋಡುತ್ತ ಕಳೆದಳು. ಮೂರನೆಯ ದಿನ ಅಡುಗೆಮನೆಯ ನೀಲಿ ಬಾಗಿಲನ್ನು ಕೀಲಿನಿಂದ ಕಳಚಿ ಅಂಗಳಕ್ಕೆ ಹಾಕಿ, "ಆಲಿವ್ ಮರದ್ದು, ಹುಳ ಬಿದ್ದಿಲ್ಲ. ಬೆಕ್ಕು ಬಂದ್ರೆ ನೀನೇ ಓಡಿಸ್ಬೇಕು" ಎಂದಳು. ಹದಿನೈದು ದಿನ ಇಬ್ಬರೂ ಹಳೆ ದೋಣಿಯ ಕೊಳೆತ ತಳ ಕಿತ್ತು, ಬಾಗಿಲನ್ನು ಸೀಳಿ ಕೂರಿಸಿ, ಸಂದಿಗೆ ನಾರು ತುರುಕಿ ಡಾಂಬರು ಬಳಿದರು. ಋತು ಶುರುವಾದ ಬೆಳಗ್ಗೆ ನೀಲಿ ತಳದ ದೋಣಿ ನೀರಿಗಿಳಿಯಿತು. ಇಳಿತದಲ್ಲಿ ಮರಳ ಮೇಲೆ ಮಣೆಯ ಹಾಗೆ ಕೂತಿತು. ಚಹಾದ ಲೋಟ ಅಲುಗಲಿಲ್ಲ.

ಗಡಿಗೆ ಇಳಿಸಿ ಬಂದಾಗ ಕಟ್ಟೆಯ ಮೇಲೆ ಲಝ್ಹರ್ ಕಾಯುತ್ತಿದ್ದ. ಹಾತೆಮನ ಚಹಾದ ಸುದ್ದಿ ಕೇಳಿದಾಗಿನಿಂದ ಅವನು ಗಡ್ಡ ಬೋಳಿಸಿರಲಿಲ್ಲ.

"ಅಣ್ಣಾ, ಸ್ಫಾಕ್ಸಿಗೆ ಹೋಗೋಣ್ವಾ? ನನ್ ದೋಣಿ ನೋಡ್ಕೊಂಡ್ ಬರಬೇಕು. ಒಬ್ಬನೇ ಹೋಗೋಕೆ ಧೈರ್ಯ ಬರ್ತಿಲ್ಲ."

ಜಿಲಾನಿ ಕೈ ತೊಳೆದುಕೊಂಡು ಅವನ ಜೊತೆ ಹಡಗು ಹತ್ತಿದ. ಸಂಘ ಹೇಳಿದ ರಿಪೇರಿ ಅಂಗಡಿಯ ವಿಳಾಸದಲ್ಲಿ ಮದುವೆಯ ಉಡುಪು ಬಾಡಿಗೆಗೆ ಕೊಡುತ್ತಿದ್ದರು. ಅಲ್ಲಿಂದ ಇಬ್ಬರೂ ನೇರ ಪೊಲೀಸ್ ಠಾಣೆಗೆ ನಡೆದರು. ಯಾರೋ ಹುಡುಕಿಕೊಂಡು ಬರುವ ಮೊದಲೇ ತನ್ನ ಹೆಸರನ್ನು ತಾನೇ ಹೇಳಲು ಲಝ್ಹರ್ ಒಳಗೆ ಹೋದ. ಸಹಿ ಹಾಕಿದ ಉಳಿದ ಹತ್ತು ಜನ ಇನ್ನೂ ಮನೆಯಲ್ಲೇ ಕೂತಿದ್ದಾರೆ.

ನೀವೂ ಎಲ್ಲೋ ಒಂದು ಕಡೆ, ಬಿಟ್ಟಿ ಎಂದು, ಓದದೆ ಸಹಿ ಹಾಕಿದ್ದೀರಿ. ನಿಮ್ಮ ಹೆಸರಿನ ದೋಣಿ ಈಗ ಎಲ್ಲಿದೆ? ಯಾರನ್ನು ತುಂಬಿಕೊಂಡಿದೆ? ಎದ್ದೇಳಿ, ಇವತ್ತೇ ಹೋಗಿ ನೋಡಿ ಬನ್ನಿ.